ಲೋನಿಗೆ ಬಂದ ಆಟಗಾರ, ಅವನ ಬಡ್ಡಿ

ಎಲ್ಲರಿಗೂ ನಮಸ್ಕಾರ. ಫ್ಯಾನ್ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ದನಿ ಏರಿಸುತ್ತೇನೆ.

ನಮ್ಮ ಬೆಳಗಾವಿಯಲ್ಲಿ, ಟಿಳಕವಾಡಿಯ ಲೇಲೆ ಮೈದಾನದ ಹತ್ತಿರ ಒಂದು ದಿನ ಬೆಳಿಗ್ಗೆ ನಾವು ನಾಲ್ಕೈದು ಜನ ಚಹಾ ಕುಡಿಯುತ್ತಾ ಜಗಳ ಆಡುತ್ತಿದ್ದೆವು. ಜಗಳ ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ. ಒಬ್ಬ ಹೇಳಿದ: "ಹೊಸಾ ಸ್ಟ್ರೈಕರ್‌ನ ಲೋನ್ ಮ್ಯಾಲೆ ತಂದಾರ." ಪಕ್ಕದ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಅಜ್ಜರೊಬ್ಬರು ತಲೆ ಎತ್ತಿ ಕೇಳಿದರು: "ಬಡ್ಡಿ ಎಷ್ಟ್ರಿ?"

ಎಲ್ಲರೂ ನಕ್ಕೆವು. ನನಗೆ ಮಾತ್ರ ಆ ಪ್ರಶ್ನೆ ಮನೆಗೆ ಹೋದ ಮೇಲೂ ಬಿಡಲಿಲ್ಲ. ಮೂವತ್ತು ವರ್ಷ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆದವನು ನಾನು. ಬಡ್ಡಿ ಇಲ್ಲದ ಸಾಲ ಕಂಡವನಲ್ಲ. ಹಾಗಾದರೆ ಫುಟ್ಬಾಲಿನ ಈ ಸಾಲಕ್ಕೆ ಬಡ್ಡಿ ಏನು, ಅದನ್ನು ಕಟ್ಟುವವರು ಯಾರು? ಇವತ್ತು ನಾನು ಆಡುವ ಮಾತು ಇಷ್ಟೇ.

ಮೊದಲು ಲೋನ್ ಅಂದರೇನು ಅಂತ ಒಂದು ಮಾತು. ನಮ್ಮ ಕಡೆ ಹೊಲವನ್ನು ಲಾವಣಿಗೆ ಹಾಕುತ್ತಾರಲ್ಲ, ಹಾಗೆಯೇ ಇದು. ಹೊಲ ಒಬ್ಬನದು, ಒಂದೆರಡು ವರ್ಷ ಬಿತ್ತುವವನು ಇನ್ನೊಬ್ಬ. ಆಟಗಾರ ಒಂದು ಕ್ಲಬ್ಬಿಗೆ ಸೇರಿದವನು, ಒಂದು ಸೀಸನ್ ಆಡುವುದು ಬೇರೆ ಕ್ಲಬ್ಬಿಗೆ. ಸಂಬಳವನ್ನು ಇಬ್ಬರೂ ಹಂಚಿಕೊಳ್ಳಬಹುದು, ಒಬ್ಬರೇ ಕೊಡಬಹುದು. ಕೆಲವು ಸಲ ಕೊನೆಗೆ ಖರೀದಿ ಮಾಡುವ ಕರಾರೂ ಇರುತ್ತದೆ. ಲಾವಣಿ ಹೊಲಕ್ಕೆ ಯಾರೂ ಮನಸ್ಸು ಬಿಚ್ಚಿ ಗೊಬ್ಬರ ಹಾಕುವುದಿಲ್ಲ, ಅಲ್ವಾ? ಮುಂದಿನ ವರ್ಷ ಆ ಹೊಲ ತನ್ನದಲ್ಲ ಅಂತ ಗೊತ್ತಿದ್ದವನು ಈ ಸುಗ್ಗಿಯನ್ನಷ್ಟೇ ನೋಡುತ್ತಾನೆ.

ಖರೀದಿ ಮಾಡುವ ಕರಾರಿಗೆ ದೊಡ್ಡ ಉದಾಹರಣೆ ಫ್ರಾನ್ಸಿನ ಆಟಗಾರ ಎಂಬಾಪೆ. 2017ರಲ್ಲಿ ಪ್ಯಾರಿಸ್ ಕ್ಲಬ್ ನೇಮಾರ್‌ಗೆ 22.2 ಕೋಟಿ ಯೂರೋ ಸುರಿದಿತ್ತು. ಅದೇ ಬೇಸಿಗೆಯಲ್ಲಿ ಮೊನಾಕೊದಿಂದ ಎಂಬಾಪೆಯನ್ನೂ ತಂದಿತು, ಆದರೆ ಲೋನ್ ಮೇಲೆ. 18 ಕೋಟಿ ಯೂರೋ ಲೆಕ್ಕ ಮುಂದಿನ ವರ್ಷಕ್ಕೆ ಹೋಯಿತು. ಎರಡೂ ಒಂದೇ ವರ್ಷದ ಪುಸ್ತಕದಲ್ಲಿ ಬಿದ್ದಿದ್ದರೆ ಯುರೋಪಿನ ಫುಟ್ಬಾಲ್ ಸಂಸ್ಥೆಯ ಖರ್ಚಿನ ನಿಯಮಕ್ಕೆ ಸಿಕ್ಕಿಬೀಳುತ್ತಿದ್ದರು. ನಮ್ಮ ಸೊಸೈಟಿಯಲ್ಲಿ ಮಾರ್ಚ್ 31ರಂದು ಇಂಥ ಆಟ ನಾನು ಬಹಳ ನೋಡಿದ್ದೇನೆ. ಹೆಸರು ಹೇಳುವುದಿಲ್ಲ ಬಿಡಿ.

ಲೆಕ್ಕದ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನಗಿದು ಇಷ್ಟದ ಜಾಗ. ಕ್ಲಬ್ ನೂರು ಕೋಟಿ ಕೊಟ್ಟು ಒಬ್ಬನನ್ನು ಐದು ವರ್ಷದ ಕರಾರಿಗೆ ತಂದಿತು ಅಂದುಕೊಳ್ಳಿ. ಪುಸ್ತಕದಲ್ಲಿ ಆ ವರ್ಷವೇ ನೂರು ಕೋಟಿ ಖರ್ಚು ತೋರಿಸುವುದಿಲ್ಲ. ವರ್ಷಕ್ಕೆ ಇಪ್ಪತ್ತು ಕೋಟಿಯಂತೆ ಹಂಚುತ್ತಾರೆ. ಟ್ರ್ಯಾಕ್ಟರಿನ ಸವಕಳಿ ಬರೆದ ಹಾಗೆ. ಕರಾರು ಎಂಟು ವರ್ಷದ್ದಾದರೆ? ವರ್ಷಕ್ಕೆ ಹನ್ನೆರಡೂವರೆ ಕೋಟಿ ಮಾತ್ರ. 2022ರಲ್ಲಿ ಹೊಸ ಮಾಲೀಕರು ಬಂದ ಮೇಲೆ ಲಂಡನ್ನಿನ ಚೆಲ್ಸಿ ಕ್ಲಬ್ ಇದನ್ನೇ ಮಾಡಿತು. ಎನ್ಜೊ ಫೆರ್ನಾಂಡಿಸ್‌ಗೆ 10 ಕೋಟಿ ಪೌಂಡ್‌ಗಿಂತ ಜಾಸ್ತಿ ಕೊಟ್ಟು, ಉದ್ದುದ್ದ ಕರಾರು ಬರೆಸಿತು. 2023ರಲ್ಲಿ ಯುರೋಪಿನ ಸಂಸ್ಥೆ ಎಚ್ಚೆತ್ತು ಇದಕ್ಕೆ ಕಡಿವಾಣ ಹಾಕಿತು. ಕರಾರು ಎಷ್ಟೇ ಉದ್ದ ಇರಲಿ, ಖರ್ಚನ್ನು ಐದು ವರ್ಷಕ್ಕಿಂತ ಹೆಚ್ಚು ಎಳೆಯುವ ಹಾಗಿಲ್ಲ ಅಂತ.

ಈಗ ಅಸಲು ವಿಷಯ. ಕ್ಲಬ್ಬಿನಲ್ಲೇ ಬೆಳೆದ ಹುಡುಗನಿಗೆ ಕೊಂಡ ಬೆಲೆ ಅಂತ ಒಂದಿಲ್ಲ. ಅವನನ್ನು ಮಾರಿದರೆ ಬಂದ ದುಡ್ಡೆಲ್ಲ ಲಾಭದ ಕಲಮಿಗೇ ಹೋಗುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ ಎನ್ನುವ ನಿಯಮ ಇತ್ತು. ಅದು ಸುಮ್ನೆ ಕಾಗದದ ಮೇಲಿನ ನಿಯಮವಲ್ಲ. 2023ರ ನವೆಂಬರ್‌ನಲ್ಲಿ ಎವರ್ಟನ್ ಕ್ಲಬ್ಬಿಗೆ ಹತ್ತು ಅಂಕ ಕತ್ತರಿಸಿದರು, ಮೇಲ್ಮನವಿಯಲ್ಲಿ ಅದು ಆರಕ್ಕೆ ಇಳಿಯಿತು. ಅಂಕ ಹೋಗುವ ಭಯ ಇದ್ದಾಗ ಜೂನ್ ತಿಂಗಳಲ್ಲಿ ಕ್ಲಬ್ಬಿನವರು ಮನೆಯಲ್ಲಿ ಏನು ಮಾರಬಹುದು ಅಂತ ಹುಡುಕುತ್ತಾರೆ. ಕಣ್ಣಿಗೆ ಬೀಳುವವನು ಮನೆಯ ಹುಡುಗನೇ. ಚೆಲ್ಸಿಯಲ್ಲಿ ಚಿಕ್ಕಂದಿನಿಂದ ಬೆಳೆದ ಮೇಸನ್ ಮೌಂಟ್ 2023ರಲ್ಲಿ 5.5 ಕೋಟಿ ಪೌಂಡ್‌ಗೆ ಯುನೈಟೆಡ್‌ಗೆ ಹೋದ. ಅಕಾಡೆಮಿಗೆ ಮಾಡಿದ ಖರ್ಚನ್ನು ನಷ್ಟದ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಅದೇ ನಿಯಮದಲ್ಲಿ ರಿಯಾಯಿತಿಯೂ ಇತ್ತು. ಅಂದರೆ ಹುಡುಗರನ್ನು ಬೆಳೆಸಿ ಅಂತ ಒಂದು ಕೈ ಬೆನ್ನು ತಟ್ಟುತ್ತಿತ್ತು, ಬೆಳೆದ ಮೇಲೆ ಮಾರಿ ಅಂತ ಇನ್ನೊಂದು ಕೈ ನೂಕುತ್ತಿತ್ತು. "ಮಾಲೀಕರಿಗೆ ಹೃದಯ ಇಲ್ಲ" ಅಂತ ನಾವು ಬೈಯುತ್ತೇವೆ. ಹೃದಯ ಇದೆಯೋ ಇಲ್ಲವೋ, ಅವರ ಹತ್ತಿರ ಒಬ್ಬ ಒಳ್ಳೆಯ ಅಕೌಂಟೆಂಟ್ ಅಂತೂ ಇದ್ದಾನೆ.

ಈಗ ಬಡ್ಡಿಗೆ ಬರುತ್ತೇನೆ. 2014ರ ಸೆಪ್ಟೆಂಬರ್ 1. ಆಟಗಾರರ ಖರೀದಿಗೆ ಕೊನೆಯ ದಿನ. ಯುನೈಟೆಡ್ ಅಂದು ಮೊನಾಕೊದಿಂದ ಹೆಸರಾಂತ ಸ್ಟ್ರೈಕರ್ ಫಾಲ್ಕಾವೊನನ್ನು ಲೋನ್ ಮೇಲೆ ತಂದಿತು. ನಾನು ಆ ಕ್ಲಬ್ಬಿನ ಹುಚ್ಚ. ಅಂದು ಸಂಜೆ ಗೆಳೆಯರಿಗೆಲ್ಲ ಕುಂದಾ ಹಂಚಿದೆ. ಅದೇ ದಿನ ಅದೇ ಕ್ಲಬ್ ತನ್ನದೇ ಸ್ಟ್ರೈಕರ್ ಡ್ಯಾನಿ ವೆಲ್ಬೆಕ್‌ನನ್ನು ಆರ್ಸೆನಲ್‌ಗೆ ಮಾರಿತು. ಮ್ಯಾಂಚೆಸ್ಟರ್ ಊರಲ್ಲೇ ಹುಟ್ಟಿ, ಕ್ಲಬ್ಬಿನಲ್ಲೇ ಬೆಳೆದವನು. ಸುಮಾರು 1.6 ಕೋಟಿ ಪೌಂಡ್ ಬಂತು. ನಮಗೆ ಅದು ಸುದ್ದಿಯೇ ಅಲ್ಲ. ಫಾಲ್ಕಾವೊ ಬಂದಿದ್ದಾನೆ, ವೆಲ್ಬೆಕ್ ಯಾವ ಲೆಕ್ಕ?

ಆ ಸೀಸನ್ ಪೂರ್ತಿ ಫಾಲ್ಕಾವೊ ಲೀಗ್‌ನಲ್ಲಿ ಹೊಡೆದದ್ದು ನಾಲ್ಕು ಗೋಲು. 2015ರ ಮಾರ್ಚ್‌ನಲ್ಲಿ ಎಫ್‌ಎ ಕಪ್ ಕ್ವಾರ್ಟರ್ ಫೈನಲ್‌ಗೆ ಆರ್ಸೆನಲ್ ಓಲ್ಡ್ ಟ್ರಾಫರ್ಡ್‌ಗೆ ಬಂತು. ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಹೆಂಡತಿಗೆ ಎಚ್ಚರ ಆಗಬಾರದು ಅಂತ ಟಿವಿ ಸದ್ದು ಪೂರ್ತಿ ಕಡಿಮೆ ಮಾಡಿ ಕೂತಿದ್ದೆ. ಒಂದಕ್ಕೊಂದು ಸಮ ಇದ್ದಾಗ ನಮ್ಮ ಡಿಫೆಂಡರ್ ಹಿಂದಕ್ಕೆ ಕೊಟ್ಟ ಪಾಸ್ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ಮುಟ್ಟಲಿಲ್ಲ. ನಡುವೆ ನುಗ್ಗಿ, ಗೋಲಿಯನ್ನು ದಾಟಿ, ಖಾಲಿ ಬಲೆಗೆ ಚೆಂಡು ತಳ್ಳಿದವನು ವೆಲ್ಬೆಕ್. ಎರಡು-ಒಂದು. ಆಟ ಮುಗಿಯಿತು. ಬೆಳಿಗ್ಗೆ ಚಹಾದ ಹತ್ತಿರ ಆ ಅಜ್ಜರು ಇರಲಿಲ್ಲ, ಪುಣ್ಯ. ಇದ್ದಿದ್ದರೆ ಬಡ್ಡಿ ಲೆಕ್ಕ ಕೇಳುತ್ತಿದ್ದರು.

ಲೋನ್ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊರಗೆ ಕಳಿಸುವ ಲೋನ್ ಬೇರೆ, ಒಳಗೆ ತರುವ ಲೋನ್ ಬೇರೆ. ಬೆಕ್‌ಹ್ಯಾಮ್ 1995ರಲ್ಲಿ ಪ್ರೆಸ್ಟನ್ ಕ್ಲಬ್ಬಿಗೆ ಹೋಗಿ ಆಡಿ ಗಟ್ಟಿಯಾಗಿ ಬಂದ. ಹ್ಯಾರಿ ಕೇನ್ ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಅಂತ ನಾಲ್ಕು ಮನೆ ಸುತ್ತಿದ ಮೇಲೆ ಕೇನ್ ಆದ. ಅವರಿಗೆ ಅಲ್ಲಿ ಸಿಕ್ಕಿದ್ದು ನಿಮಿಷಗಳು. ಆಡುವ ನಿಮಿಷ. ಕೆಲವು ದೊಡ್ಡ ಕ್ಲಬ್ಬುಗಳು ಇದನ್ನೇ ಉಗ್ರಾಣ ಮಾಡಿಕೊಂಡು ಮೂವತ್ತು, ನಲವತ್ತು ಜನರನ್ನು ಹೊರಗೆ ಹಂಚಿದವು, ಅದು ಬೇರೆ ಕಥೆ. ಫಿಫಾ 2022ರಿಂದ ಮಿತಿ ಹಾಕುತ್ತಾ ಬಂದು, 2024ಕ್ಕೆ ಒಂದು ಕ್ಲಬ್ ಹೊರದೇಶದ ಕ್ಲಬ್ಬುಗಳಿಗೆ ಲೋನ್ ಕೊಡುವವರು ಆರು, ತರುವವರು ಆರು ಅಂತ ಮಾಡಿತು. ಕ್ಲಬ್ಬೇ ಬೆಳೆಸಿದ, 21 ದಾಟದ ಹುಡುಗರಿಗೆ ಮಾತ್ರ ವಿನಾಯಿತಿ.

ನಿಮಿಷ ಅಂದೆ. ಲೆಕ್ಕ ಹಾಕಿ. ಪ್ರೀಮಿಯರ್ ಲೀಗ್‌ನಲ್ಲಿ ತಂಡಕ್ಕೆ 38 ಪಂದ್ಯ. ಒಂದು ಜಾಗಕ್ಕೆ 3,420 ನಿಮಿಷ. ನಮ್ಮ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲಿ 2024-25ರಲ್ಲಿ 13 ತಂಡ, ಲೀಗ್ ಹಂತದಲ್ಲಿ ತಂಡಕ್ಕೆ 24 ಪಂದ್ಯ. ಒಂದು ಜಾಗಕ್ಕೆ 2,160 ನಿಮಿಷ. ದುಡ್ಡನ್ನು ಮಾಲೀಕ ಬೇಕಾದರೆ ಇನ್ನೊಂದು ಕಂಪನಿಯಿಂದ ತರಬಹುದು. ನಿಮಿಷವನ್ನು ಯಾವ ಶ್ರೀಮಂತನೂ ತರಲಾರ. ಲೋನಿಗೆ ಬಂದವನು ಮುಂದೆ ನಿಂತರೆ, ಅಷ್ಟು ನಿಮಿಷ ಇನ್ನೊಬ್ಬನ ಖಾತೆಯಿಂದ ಹೋಗುತ್ತದೆ. ಬಡ್ಡಿ ಅಂದರೆ ಅದೇ. ಕಟ್ಟುವವನು ಬೆಂಚಿನ ಮೇಲೆ ಕೂತ ಹುಡುಗ.

ನಮ್ಮ ದೇಶದಲ್ಲಿ ಇದು ಕಣ್ಣಿಗೆ ಹೊಡೆಯುವ ಹಾಗೆ ಕಾಣುವುದು ಸ್ಟ್ರೈಕರ್ ಜಾಗದಲ್ಲಿ. 2024-25ರ ಐಎಸ್‌ಎಲ್‌ನಲ್ಲಿ ಮೈದಾನದೊಳಗೆ ಒಮ್ಮೆಗೆ ನಾಲ್ವರು ವಿದೇಶಿಯರು ಆಡಬಹುದಿತ್ತು. ಬಹಳಷ್ಟು ಕೋಚ್‌ಗಳು ಅದರಲ್ಲಿ ಒಬ್ಬನನ್ನು ಮುಂದೆಯೇ ನಿಲ್ಲಿಸುತ್ತಾರೆ. ತಪ್ಪಲ್ಲ, ಗೆಲ್ಲಬೇಕಲ್ಲ ಅವರಿಗೂ. ಆದರೆ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದರು. ಒಂಬತ್ತು ತಿಂಗಳಿಗೆ, 40ನೇ ವಯಸ್ಸಿನಲ್ಲಿ, ಅವರನ್ನೇ ವಾಪಸ್ ಕರೆದರು. ಆ ಸೀಸನ್ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯನೂ ಅವರೇ. ಅವರ ದೊಡ್ಡತನಕ್ಕೆ ಕೈ ಮುಗಿಯುತ್ತೇನೆ. ಆದರೆ ಹಿಂದೆ ಬರಬೇಕಿದ್ದವರ ನಿಮಿಷ ಎಲ್ಲಿ ಹೋಯಿತು?

ಇಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಎಷ್ಟು ಜನ ಇದ್ದೀರಿ? ಗೋವಾದವರು? ಹಾಂ, ಅಂದುಕೊಂಡಿದ್ದೆ. ನಮ್ಮೂರಿನ ಪಾಡೇ ಇದು. ಬೆಂಗಳೂರಿಗೆ ಹೋಗಬೇಕಾದರೆ ಒಂದು ರಾತ್ರಿ ರೈಲಿನಲ್ಲಿ ಮಲಗಬೇಕು. ಚೋರ್ಲಾ ಘಾಟ್ ಇಳಿದರೆ ಗೋವಾ. ಫತೋರ್ಡಾದಲ್ಲಿ ಪಂದ್ಯ ನೋಡಿ ಬೆಳಗಾಗುವುದರೊಳಗೆ ಮನೆಗೆ ಬರಬಹುದು. ಹೀಗಾಗಿ ಒಂದೇ ಮನೆಯಲ್ಲಿ ಎರಡು ಜೆರ್ಸಿ.

ಬೆಂಗಳೂರಿನವರು ಬಳ್ಳಾರಿ ಕಡೆ ವಿಜಯನಗರದಲ್ಲಿ ಅಕಾಡೆಮಿ ಇಟ್ಟಿದ್ದಾರೆ. 2021-22ರಲ್ಲಿ ರೋಷನ್ ಸಿಂಗ್, ಮರುವರ್ಷ ಶಿವಶಕ್ತಿ ನಾರಾಯಣನ್, ಸಾಲಾಗಿ ಎರಡು ಸೀಸನ್ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಅದೇ ಕ್ಲಬ್ಬಿಗೆ ಬಂತು. ಗೋವಾದವರು ತಮ್ಮ ಹುಡುಗ ಬ್ರೈಸನ್ ಫೆರ್ನಾಂಡಿಸ್ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ, ಅದೂ ಸರಿಯೇ. ಆದರೆ ರೋಷನ್‌ಗೆ ಪ್ರಶಸ್ತಿ ಬಂದ ಸೀಸನ್‌ನಲ್ಲಿ ಬೆಂಗಳೂರು ಎಷ್ಟನೇ ಸ್ಥಾನದಲ್ಲಿತ್ತು ನೆನಪಿದೆಯಾ? ಆರನೇ ಸ್ಥಾನ. ಪ್ಲೇಆಫ್ ಕೂಡ ಸಿಗಲಿಲ್ಲ. ಆಗ ಚಹಾದ ಅಂಗಡಿಯಲ್ಲಿ "ಮಾಲಕರು ರೊಕ್ಕ ಬಿಚ್ಚವಲ್ರು" ಅಂತ ಬೈದವರು ನೀವೇ. "ಹುಡುಗರನ್ನ ಆಡಿಸ್ರಿ" ಅಂತ ಹೇಳುವವರೂ ನೀವೇ. ನಾನೂ ಅದೇ ಗುಂಪಿನಲ್ಲಿ ಇದ್ದೆ, ತಪ್ಪಿಸಿಕೊಳ್ಳುವುದಿಲ್ಲ.

ತಪ್ಪಿಸಿಕೊಳ್ಳದ ಇನ್ನೊಂದು ಮಾತು ಇದೆ. ಇದನ್ನು ಹೇಳಲೋ ಬೇಡವೋ ಅಂತ ನಿನ್ನೆ ರಾತ್ರಿಯವರೆಗೂ ಯೋಚಿಸಿದೆ.

ನಾವು ಕೆಲವರು ಸೇರಿ ಒಂದು ಸಣ್ಣ ತಂಡ ನಡೆಸುತ್ತಿದ್ದೆವು. ಒಂದು ವರ್ಷ ಸೆವೆನ್ಸ್ ಟೂರ್ನಮೆಂಟಿಗೆ ಹೆಸರು ಕೊಟ್ಟೆವು. ಬಹುಮಾನದ ದುಡ್ಡು ನೋಡಿ ಆಸೆ ಆಯಿತು. ಘಾಟಿನ ಕೆಳಗಿನಿಂದ ಮೂರು ಜನ ಗೆಸ್ಟ್ ಪ್ಲೇಯರ್‌ಗಳನ್ನು ಕರೆಸಿದೆವು. ಪಂದ್ಯಕ್ಕೆ ಇಷ್ಟು ಅಂತ ದುಡ್ಡು, ಬಂದು ಹೋಗುವ ಖರ್ಚು, ರಾತ್ರಿ ಮೀನಿನ ಊಟ. ನಮ್ಮದೂ ಲೋನ್ ಸೈನಿಂಗೇ, ನೋಡಿ! ಏಳು ಜನರಲ್ಲಿ ಮೂರು ಜಾಗ ಹೋಯಿತು. ಎಡಗಾಲಿನಲ್ಲಿ ಚೆಂಡು ಅಂಟಿಸಿಕೊಂಡು ಓಡುವ ಹದಿನಾರರ ಹುಡುಗನೊಬ್ಬ ನಮ್ಮಲ್ಲಿದ್ದ. ಮೂರು ವರ್ಷದಿಂದ ಬೆಳಿಗ್ಗೆ ಆರಕ್ಕೆ ಬಂದು ಕೋನ್ ಇಡುತ್ತಿದ್ದವನೂ ಅವನೇ. ಅವನನ್ನು ಕೂರಿಸಿದೆ. "ಮುಂದಿನ ವರ್ಷ ನಿಂದs" ಅಂದೆ. ನಾಲ್ಕು ಪಂದ್ಯದಲ್ಲಿ ಅವನು ಆಡಿದ್ದು ಕೊನೆಯ ಆರು ನಿಮಿಷ. ಸೆಮಿಫೈನಲ್‌ನಲ್ಲಿ ಸೋತೆವು. ಗೆಸ್ಟ್‌ಗಳು ದುಡ್ಡು ಎಣಿಸಿಕೊಂಡು ಹೋದರು, ಅವರ ತಪ್ಪೇನೂ ಇಲ್ಲ. ಮುಂದಿನ ಸೋಮವಾರ ಕೋನ್ ಇಡಲು ಯಾರೂ ಬರಲಿಲ್ಲ.

ಆಮೇಲೆ ಅವನ ಮನೆಗೆ ಎರಡು ಸಲ ಹೋದೆ. ಅವನ ತಾಯಿ ಚಹಾ ಕೊಟ್ಟರು. ಹುಡುಗ ಹೊರಗೆ ಬರಲಿಲ್ಲ.

ಲೆಕ್ಕದವನಾಗಿ ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ, ಇದು ನಮ್ಮಂಥ ಸಣ್ಣ ಕ್ಲಬ್ಬುಗಳಿಗೆ. ಆಟಗಾರನೊಬ್ಬ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ದುಡ್ಡಿಗೆ ಹೋದರೆ, ಆ ದುಡ್ಡಿನಲ್ಲಿ ನೂರಕ್ಕೆ ಐದು ಪಾಲು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಸೇರಬೇಕು. ಫಿಫಾದ ನಿಯಮ ಇದು. 12ರಿಂದ 15ರವರೆಗೆ ವರ್ಷಕ್ಕೆ ನೂರಕ್ಕೆ ಕಾಲು ಪಾಲು, 16ರಿಂದ ಮುಂದೆ ವರ್ಷಕ್ಕೆ ನೂರಕ್ಕೆ ಅರ್ಧ ಪಾಲು. ನೂರು ಕೋಟಿಯ ವ್ಯವಹಾರ ಆದರೆ, ಹದಿಮೂರನೇ ವಯಸ್ಸಿನಲ್ಲಿ ಅವನಿಗೆ ಬೂಟು ಕಟ್ಟಲು ಕಲಿಸಿದ ಕ್ಲಬ್ಬಿಗೆ ಒಂದೇ ವರ್ಷಕ್ಕೆ 25 ಲಕ್ಷ. ನಮ್ಮ ಮೈದಾನಕ್ಕೆ ಹತ್ತು ವರ್ಷ ಸುಣ್ಣದ ಗೆರೆ ಎಳೆಯಬಹುದು, ಚೆಂಡೂ ಬರುತ್ತವೆ. 2022ರಿಂದ ಈ ಹಂಚಿಕೆ ನೋಡಿಕೊಳ್ಳಲು ಫಿಫಾ ಪ್ರತ್ಯೇಕ ಕಚೇರಿಯನ್ನೇ ತೆರೆದಿದೆ. ಆದರೆ ಹುಡುಗನ ಹೆಸರು ಆ ವರ್ಷ ನಿಮ್ಮ ಕ್ಲಬ್ಬಿನಲ್ಲಿ ರಿಜಿಸ್ಟರ್ ಆಗಿರಬೇಕು. ಬರಿ ನೆನಪಿಗೆ ಯಾರೂ ದುಡ್ಡು ಕೊಡುವುದಿಲ್ಲ. ಇಲ್ಲಿ ಕೂತ ಕ್ಲಬ್ಬಿನವರಲ್ಲಿ ಎಷ್ಟು ಜನ ಹುಡುಗರ ಹೆಸರನ್ನು ಫೆಡರೇಶನ್ನಿನ ಆನ್‌ಲೈನ್ ಪಟ್ಟಿಗೆ ಸೇರಿಸಿದ್ದೀರಿ? ಕೈ ಎತ್ತುವುದು ಬೇಡ, ಮುಖದಲ್ಲೇ ಕಾಣುತ್ತಿದೆ.

ನಾನೀಗ ಹದಿನಾಲ್ಕರ ಒಳಗಿನ ಹುಡುಗರ ಜೊತೆ ಇದ್ದೇನೆ. ಜೇಬಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ, ಇಗೋ, ಸೊಸೈಟಿಯ ಹಳೆಯ ಕೈಗಡ ಪುಸ್ತಕ. ಒಂದೊಂದು ಪುಟಕ್ಕೆ ಒಬ್ಬೊಬ್ಬ ಹುಡುಗ. ಗೋಲು ಬರೆಯುವುದಿಲ್ಲ. ಯಾವ ದಿನ, ಎಷ್ಟು ನಿಮಿಷ ಆಡಿದ, ಅಷ್ಟೇ. ಇದರಿಂದ ಶಾಂತಿ ಏನೂ ಬಂದಿಲ್ಲ, ಜಗಳ ಜಾಸ್ತಿ ಆಗಿದೆ. ಮೊನ್ನೆ ಭಾನುವಾರ ಒಬ್ಬರು ತಂದೆ ಪುಸ್ತಕ ಕಸಿದುಕೊಂಡು ನೋಡಿ, "ನಮ್ಮಾವಂದು ನಲವತ್ತೊಂದು, ಗೋಲಿಯ ತಮ್ಮಂದು ಅರವತ್ತು ಯಾಕ?" ಅಂದರು. ಉತ್ತರ ಕೊಡಲು ಹತ್ತು ನಿಮಿಷ ಬೇಕಾಯಿತು. ಕೊನೆಗೂ ಅವರಿಗೆ ಒಪ್ಪಿಗೆ ಆಗಲಿಲ್ಲ. ಮುಂದಿನ ವಾರ ಗಡಿಯಾರ ತಾನೇ ಹಿಡಿಯುತ್ತೇನೆ ಅಂದಿದ್ದಾರೆ.

ಆ ಪುಣ್ಯಾತ್ಮರು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಮೊದಲ ಪ್ರಶ್ನೆ ಅವರದೇ ಇರಲಿ.