ಬ್ಯಾಸಗ್ಯಾಗ ಸ್ವೆಟರ್ ಹಾಕ್ಕೊಂಡಾಕಿನ್ನ ನೋಡಿ ನಗೋರಿಗೆ

ನಮಸ್ಕಾರ್ರೀ. ವಿಜಯಪುರದಾಗ ಮೇ ತಿಂಗಳ ಬಿಸಲು 40 ಡಿಗ್ರಿ ದಾಟೂದು ನಿಮಗ ಗೊತ್ತೈತಿ. ಅಂಥಾ ಬಿಸಲಾಗ ನಾ ಸ್ವೆಟರ್ ಹಾಕ್ಕೊಂಡು ಬಸ್ ಹತ್ತತೀನಿ. ಬಾಜೂಕ ಕುಂತ ಅಜ್ಜಿ, "ಯಾಕವಾ ತಂಗಿ, ಜ್ವರಾ ಬಂದಾವೇನು?" ಅಂತ ಕೇಳ್ತಾಳ. ಆಕೀದು ಕಾಳಜಿ. ಹಿಂದ ಕುಂತು ನಗತಾರಲ್ಲ, ನನ್ನ ಮಾತು ಅವರ ಕೂಡ.

ನಮ್ಮವ್ವ ಹೊಲಕ್ಕ ಹೋಗುವಾಗ ಸೀರಿ ಮ್ಯಾಲ ಅಪ್ಪನ ಹಳೇ ಉದ್ದ ತೋಳಿನ ಅಂಗಿ ಹಾಕ್ಕೋತಾಳ. ಆಕಿನ್ನ ನೋಡಿ ಯಾರೂ ನಗಂಗಿಲ್ಲ, ಯಾಕಂದ್ರ ನಮ್ಮ ಕಡಿ ಕೂಲಿಗೆ ಹೋಗೋ ಹೆಣ್ಮಕ್ಳು ಭಾಳ ಮಂದಿ ಹಂಗ ಹಾಕ್ಕೋತಾರ. ಗಾಳಿ ಮೈಗಿಂತ ಬಿಸಿ ಆದಾಗ ಬರೇ ತೊಗಲಿಗೆ ಝಳ ನೇರ ಬಡೀತೈತಿ. ನಡುವ ಸಡ್ಲ ಅರಿವಿ ಇದ್ರ ಬಿಸಲು ಅದರ ಮ್ಯಾಲ ಬೀಳತೈತಿ, ನಮ್ಮ ಒಣ ಹವಾದಾಗ ಒಳಗಿನ ಬೆವರು ಆರಿ ಮೈ ತಂಪ ಆಗತೈತಿ. ಕುರಿ ಕಾಯೋ ಹಿರ್ಯಾರು ಕಂಬಳಿಯನ್ನ ಬಿಸಲಿಗೂ ಹೊದ್ಕೋತಾರ, ಮಳಿಗೂ ಹೊದ್ಕೋತಾರ.

ಹಂಗಾದ್ರ ಯಾವ ಸ್ವೆಟರ್ ಆದ್ರೂ ನಡೀತೈತೇನು? ಇಲ್ಲ. ಉಣ್ಣಿ ತನ್ನ ತೂಕದ ಸುಮಾರು 30% ತೇವ ಕುಡದ್ರೂ ಹಸಿ ಅನಸಂಗಿಲ್ಲ. ಹತ್ತಿನೂ ಬೆವರು ಹೀರತೈತಿ. ಪ್ಯಾಟ್ಯಾಗ ಅಗ್ಗಕ್ಕ ಸಿಗೋ ಅಕ್ರಿಲಿಕ್ ಐತಲ್ಲ, ಅದು ಪೆಟ್ರೋಲಿಯಂನಿಂದ ಮಾಡಿದ ನೂಲು, ಬೆವರು ಹೀರೂದ ಕಡಿಮಿ. ಬೆವರು ಮೈಗೇ ಅಂಟಿ ಕೂಡತೈತಿ, ಬೆನ್ನ ಮ್ಯಾಲ ಬೆವರುಸಾಲಿ ಏಳತಾವ. ನಾ ಎರಡು ವರ್ಷ ಅದನ್ನ ಹಾಕ್ಕೊಂಡು ಒದ್ದಾಡೀನಿ. ಅನುಮಾನ ಬಂದ್ರ ಒಳಗಿನ ಹೊಲಗಿ ಕಡಿಂದ ಒಂದು ಎಳಿ ತಗದು ಚಿಮಟಿಗಿಲೆ ಹಿಡದು ಸುಟ್ಟು ನೋಡ್ರಿ. ಕೂದಲ ಸುಟ್ಟ ವಾಸನಿ ಬಂದ್ರ ಉಣ್ಣಿ, ಕಾಗದದಂಗ ಸುಟ್ಟು ಬೂದಿ ಆದ್ರ ಹತ್ತಿ, ಕರಗಿ ಗಟ್ಟಿ ಗುಂಡ ಆದ್ರ ಅದನ್ನ ಅಂಗಡ್ಯಾಗೇ ಬಿಟ್ಟು ಬರ್ರಿ.

ಇನ್ನ ನಾ ಯಾಕ ಹಾಕ್ಕೋತೀನಿ ಅಂದ್ರ, ಆಫೀಸಿನ್ಯಾಗ ಎಸಿ 18ಕ್ಕ ಇಟ್ಟಿರ್ತಾರ, ನನ್ನ ಕುರ್ಚಿ ಅದರ ಕೆಳಗ ಐತಿ. ಮತ್ತ ನನಗ ರಕ್ತ ಕಡಿಮಿ. ರಕ್ತ ಕಡಿಮಿ ಇದ್ದವರಿಗೆ ಕೈಕಾಲು ಲಗೂನ ತಣ್ಣಗಾಗತಾವ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆದಾಗ ದೇಶದ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತಹೀನತೆ ಅಂತ ಬಂದೈತಿ. ಥೈರಾಯ್ಡ್ ಕಡಿಮಿ ಇದ್ದವರಿಗೂ ಥಂಡಿ ಭಾಳ. ಇದನ್ನೆಲ್ಲಾ ಬಸ್ಸಿನ್ಯಾಗ ಮಂದಿ ಮುಂದ ಬಿಡಿಸಿ ಹೇಳ್ಕೋತ ಕೂಡಬೇಕೇನ್ರಿ?

ನನ್ನ ತಕರಾರು ಏನಿದ್ರೂ ಹೆಂಗಸರ ಸ್ವೆಟರ್ ಮಾಡೋರ ಮ್ಯಾಲ. ಗಿಡ್ಡ, ಬಿಗಿ, ಕಿಸೆ ಇಲ್ಲ, ರವಿಕಿ ತೋಳಿನ ಮ್ಯಾಲ ಏರಂಗಿಲ್ಲ. ಗಾಳಿ ಆಡೂದ ಎಲ್ಲಿಂದ? ಅದಕ್ಕ ಅವ್ವ ಇವತ್ತಿಗೂ ಅಪ್ಪನ ಅಂಗಿ ಬಿಟ್ಟಿಲ್ಲ. ಈ ಸಲ ಗೆಳತಿ ಕಡಿಂದ ಆಕಿಗಿ ಹತ್ತಿ ನೂಲಿಂದು ಹೆಣಿಸಾಕತ್ತೀನಿ. ಹೆಣಿಗಿ ಸಡ್ಲ, ತೋಳು ಮುಂಗೈ ತನಕ. ಅಳತಿ ತಗೋಳುವಾಗ ಅವ್ವ ಒಂದ ಮಾತ ಕೇಳಿದ್ಲು: "ಎಲಿ ಅಡಿಕಿ ಚೀಲ ಹಿಡ್ಯೂವಷ್ಟು ಕಿಸೆ ಇಡಸ್ತೀಯಿಲ್ಲೋ?" ಎರಡೂ ಬಾಜೂಕ ಇಡಸೀನಿ.