ಬಿಟ್ಟು ಹೋದವರು ನೀವೇ ಅಲ್ವಾ ಅಂದರೆ ಏನು ಹೇಳಬೇಕು?

(ಜಗಳೂರು ತಾಲ್ಲೂಕಿನ ಕಾನೂನು ಅರಿವು ಕಾರ್ಯಕ್ರಮವೊಂದರಲ್ಲಿ ವಕೀಲರೊಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಅಣ್ಣಂದಿರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ವೃದ್ಧಾಶ್ರಮ ಅಂದರೆ ಬೆಂಗಳೂರಿನವರ ವಿಷಯ ಅಂತ ಮೊದಲು ಅಂದುಕೊಳ್ಳುತ್ತಿದ್ದೆವು. ಈಗ ಹಾಗಿಲ್ಲ. ಮಳೆ ಕೈಕೊಟ್ಟು, ಶೇಂಗಾ ಒಣಗಿ, ಮಕ್ಕಳು ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ. ಹಿಂದೆ ಉಳಿದ ಅಪ್ಪನಿಗೆ ಲಕ್ವ ಹೊಡೆಯುತ್ತದೆ. ನೋಡಿಕೊಳ್ಳುವವರು ಯಾರು? ದಾವಣಗೆರೆ ಹೊರಗಡೆ ಎಲ್ಲೋ ಒಂದು ಕಡೆ, ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿ ಬಿಟ್ಟು ಬರುತ್ತಾರೆ. ಅದನ್ನು ತಪ್ಪು ಅಂತ ನಾನು ಹೇಳೋದಿಲ್ಲ. ಚೆನ್ನಾಗಿ ನೋಡಿಕೊಳ್ಳುವ ಕಡೆಗಳೂ ಇವೆ. ನೋಡಿಕೊಳ್ಳದ ಕಡೆ ಏನು ಮಾಡಬೇಕು ಅನ್ನೋದು ಇವತ್ತಿನ ಮಾತು.

ಇದೇ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಅಪ್ಪನನ್ನು ನೋಡಲು ಹೋಗಿದ್ದರು. ಹೆಸರು ಬೇಡ, ಊರೂ ಬೇಡ. ಒಂದು ಪೊಟ್ಟಣ ಮಂಡಕ್ಕಿ ಒಯ್ದಿದ್ದರು. ಕೊಟ್ಟ ಕೂಡಲೇ ಅಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ಬಾಚಿ ಬಾಚಿ ತಿನ್ನತೊಡಗಿದರು. ಅಂಗಿ ತೋಳು ಮೇಲೆ ಸರಿದಾಗ ಎರಡೂ ಮಣಿಕಟ್ಟಿನ ಸುತ್ತ ಕಪ್ಪಗೆ ಗೆರೆ ಕಂಡಿತು. ಮಂಚಕ್ಕೆ ಕಟ್ಟಿದ್ದ ಗುರುತು. ಬೆನ್ನ ಕೆಳಗೆ ಹಾಸಿಗೆ ಹುಣ್ಣು. ಮ್ಯಾನೇಜರನ್ನು ಕೇಳಿದರೆ, "ಅಷ್ಟು ಪ್ರೀತಿ ಇದ್ದಿದ್ರೆ ಮನೇಲೇ ಇಟ್ಕೋಬೇಕಿತ್ತು. ಬಿಟ್ಟು ಹೋದವರು ನೀವೇ ಅಲ್ವಾ?" ಅಂದನಂತೆ.

ಆಕೆಯ ಬಾಯಿ ಕಟ್ಟಿತು. ಅಪ್ಪನನ್ನು ಮನೆಗೆ ಕರೆತಂದರು, ಯಾರಿಗೂ ಹೇಳಲಿಲ್ಲ. ನಮ್ಮ ಹತ್ತಿರ ಬಂದದ್ದು ಎಷ್ಟೋ ದಿನ ಆದಮೇಲೆ. ಅಷ್ಟೊತ್ತಿಗೆ ಕೈ ಮೇಲಿನ ಗುರುತು ಮಾಸಿತ್ತು.

ಇಂಥ ಕೇಸುಗಳು ಹಾಳಾಗೋದು ಬಹಳ ಸಲ ಇಲ್ಲೇ. ಊರಿನವರು ಏನಂತಾರೋ ಅನ್ನೋ ನಾಚಿಕೆ, ನಮ್ಮ ಮೇಲೇ ಕೇಸ್ ಆಗುತ್ತೇನೋ ಅನ್ನೋ ಭಯ. ಆ ಭಯವನ್ನು ಮೊದಲು ತೆಗೆದುಬಿಡೋಣ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ 24ನೇ ಕಲಂ ಇದೆ. 60 ದಾಟಿದವರನ್ನು ನೋಡಿಕೊಳ್ಳುವ ಹೊಣೆ ಇರುವವರು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಿಂಗಳು ತಿಂಗಳು ದುಡ್ಡು ಕಟ್ಟಿ, ಆಗಾಗ ಹೋಗಿ ನೋಡಿ ಬರುವ ಮಗಳು ಕೈಬಿಟ್ಟವಳು ಹೇಗಾಗುತ್ತಾಳೆ? ದುಡ್ಡು ಬರಲಿಲ್ಲ ಅಂತ ಅಜ್ಜಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋಗುವ ಆಶ್ರಮದವರಿಗೂ ಇದೇ ಕಲಂ ಅನ್ವಯಿಸುತ್ತದೆ. ಮ್ಯಾನೇಜರ್‌ಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ.

ಹಾಗಾದರೆ ಮೊದಲು ಎಲ್ಲಿಗೆ ಹೋಗಬೇಕು? ವಕೀಲರ ಹತ್ತಿರ ಅಲ್ಲ. ನಾನು ವಕೀಲನಾಗಿಯೇ ಹೇಳುತ್ತಿದ್ದೇನೆ, ಮೊದಲು ಸರ್ಕಾರಿ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆ ಆಗಬಹುದು, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಆಗಬಹುದು. ಗಾಯ ಹೇಗಾಯಿತು ಅಂತ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಎಂಎಲ್‌ಸಿ ಮಾಡಿಸಿ, ಅಂದರೆ ಪೊಲೀಸರಿಗೆ, ಕೋರ್ಟಿಗೆ ಬೇಕಾಗುವ ಗಾಯದ ದಾಖಲೆ. ಹೇಳಲು ನಾಚಿಕೊಂಡು "ಜಾರಿ ಬಿದ್ದರು" ಅಂದರೆ ಚೀಟಿಯಲ್ಲಿ ಅದೇ ಉಳಿಯುತ್ತದೆ. ಮುಂದೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ. ಗಾಯದ ಫೋಟೋ ತೆಗೆಯುವಾಗ ಮುಖವೂ ಕಾಣುವ ಹಾಗೆ ಒಂದು ತೆಗೆಯಿರಿ. ಬರೀ ಕೈ ಮಾತ್ರ ಇದ್ದರೆ ಯಾರ ಕೈ ಅಂತ ಕೇಳುತ್ತಾರೆ.

ಆಮೇಲೆ ಪೊಲೀಸ್ ಠಾಣೆ. ಇಲ್ಲಿ ಸ್ವಲ್ಪ ಗಮನ ಕೊಡಿ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಮ್ನೆ ಕೈಯಿಂದ ಹೊಡೆದದ್ದು 115ನೇ ಕಲಂಗೆ ಬರುತ್ತದೆ. ಅದಷ್ಟೇ ಬರೆದರೆ ಪೊಲೀಸರು ಎನ್‌ಸಿ, ಅಂದರೆ ಎಫ್‌ಐಆರ್ ಬೇಕಿಲ್ಲದ ಅಪರಾಧ ಅಂತ ಬರೆದು, ಹಿಂಬರಹ ಕೊಟ್ಟು ಕಳಿಸಬಹುದು. ಕಟ್ಟಿಹಾಕಿದ್ದು, ಕೋಣೆಯಲ್ಲಿ ಕೂಡಿಹಾಕಿದ್ದು 127ನೇ ಕಲಂಗೆ ಬರುತ್ತದೆ, ಅದಕ್ಕೆ ಎಫ್‌ಐಆರ್ ಹಾಕಲೇಬೇಕು. ಹಾಗಾಗಿ ನಡೆದದ್ದೆಲ್ಲ ಅರ್ಜಿಯಲ್ಲಿ ಇರಲಿ. ನಡೆಯದ್ದು ಒಂದು ಸಾಲೂ ಬೇಡ. ದುಡ್ಡು ಪಡೆದು ನೋಡಿಕೊಳ್ಳುತ್ತೇವೆ ಅಂತ ಒಪ್ಪಿಕೊಂಡು, ಬೇಕಂತಲೇ ನೋಡದೆ ಬಿಟ್ಟರೆ 357ನೇ ಕಲಂ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ದಂಡ ಬರೀ 200 ರೂಪಾಯಿವರೆಗೆ ಇತ್ತು, ಈಗ 5,000ವರೆಗೆ. ಜೈಲು ಆಗಲೂ ಈಗಲೂ 3 ತಿಂಗಳವರೆಗೆ. ನನ್ನ ಕೇಳಿದರೆ ಇದು ಇವತ್ತಿಗೂ ಕಡಿಮೆಯೇ.

ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲವೇ? ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಮರೆವಿನ ಕಾಯಿಲೆ ಇದೆ, ಓಡಿಹೋಗ್ತಾರೆ, ಅದಕ್ಕೇ ಕಟ್ಟಿದ್ದು ಅಂತ ಕೆಲವರು ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಕಾಯಿಲೆ ಇರುವವರಿಗೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಆ ನೆಪ ನಡೆಯೋದಿಲ್ಲ.

ಇನ್ನು ಪರಿಹಾರದ ದುಡ್ಡು ಕೇಳುವ ದಾರಿ. ಶುಲ್ಕ ಕಟ್ಟಿ ಸೇರಿಸಿದ್ದರೆ ನೀವು ಗ್ರಾಹಕರು. 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ಕಟ್ಟಿದ್ದು 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕ ಇಲ್ಲ. ಮಗ ಬೆಂಗಳೂರಲ್ಲಿದ್ದು ಅವನೇ ದುಡ್ಡು ಕಟ್ಟಿದ್ದರೆ ಅಲ್ಲಿಯೇ ದೂರು ಹಾಕಬಹುದು, ಪ್ರತಿ ತಾರೀಖಿಗೂ ಬಸ್ ಹತ್ತಬೇಕಿಲ್ಲ. ಆ ಹೆಣ್ಣುಮಗಳ ಹತ್ತಿರ ರಸೀದಿ ಪುಸ್ತಕ ಇರಲಿಲ್ಲ. ಆದರೆ ಫೋನ್‌ಪೇನಲ್ಲಿ ಕಟ್ಟಿದ್ದೆಲ್ಲ ತಾರೀಖು ಸಮೇತ ಸಿಕ್ಕಿತು. ಹುಣ್ಣಿಗೆ ತೋರಿಸಿದ ಆಸ್ಪತ್ರೆ ಚೀಟಿ ಇತ್ತು. ಅದರ ಮೇಲೆ ಕೇಸು ಹಾಕಿದ್ದೇವೆ, ಇನ್ನೂ ನಡೆಯುತ್ತಿದೆ. ಸೇರಿಸುವಾಗ ಸಹಿ ಹಾಕಿಸಿಕೊಂಡ ಫಾರಂನಲ್ಲಿ "ಏನೇ ಆದರೂ ಸಂಸ್ಥೆ ಹೊಣೆಯಲ್ಲ" ಅಂತ ಒಂದು ಸಾಲು ಇತ್ತು. ಅಂಥ ಸಾಲು ನೋಡಿ ಹೆದರಬೇಡಿ. ಹೊಡೆಯಲು, ಉಪವಾಸ ಕೆಡವಲು ಯಾವ ಸಹಿಯೂ ಪರವಾನಗಿ ಆಗೋದಿಲ್ಲ.

ಎಸಿ, ಅಂದರೆ ಉಪವಿಭಾಗಾಧಿಕಾರಿ ಆಫೀಸಿಗೆ ಹೋದರೆ ಆಗಲ್ವಾ ಅಂತ ಕೇಳುತ್ತಾರೆ. ಎಸಿ ಅವರ ನ್ಯಾಯಮಂಡಳಿ ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸಲು ಇರೋದು, ತಿಂಗಳಿಗೆ 10,000ವರೆಗೆ. ನೋಡಿಕೊಳ್ಳುತ್ತೇನೆ ಅಂತ ಹೊಲ ಬರೆಸಿಕೊಂಡು ಅಪ್ಪನನ್ನು ತಂದು ಬಿಸಾಡಿದ ಮಗ ಇದ್ದರೆ ಅಲ್ಲಿಗೇ ಹೋಗಿ, ಆ ದಾನಪತ್ರ ರದ್ದಾಗಬಹುದು. ಆಶ್ರಮದ ದೂರಿಗೆ ಅಲ್ಲಿ ದಿನ ಕಳೆಯಬೇಡಿ. ಇಂಥ ಕಡೆಗಳೆಲ್ಲ ನೋಂದಣಿ ಆಗಬೇಕು ಅಂತ 2019ರಲ್ಲಿ ಲೋಕಸಭೆಗೆ ಒಂದು ತಿದ್ದುಪಡಿ ಮಸೂದೆ ಬಂತು. ಅದು ಕಾಯ್ದೆ ಆಗಲೇ ಇಲ್ಲ. ಆದರೆ ಬೋರ್ಡಿನಲ್ಲಿ ನರ್ಸಿಂಗ್ ಹೋಮ್ ಅಂತಿದ್ದು, ಡ್ರಿಪ್ ಹಾಕಿ ಚಿಕಿತ್ಸೆ ಕೊಡುತ್ತಿದ್ದರೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆಯ ನೋಂದಣಿ ಬೇಕೇಬೇಕು. ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಡಿಎಚ್‌ಓ ಅವರಿಗೆ ಬರೆಯಿರಿ.

ವಕೀಲರ ಫೀಸಿನ ಚಿಂತೆ ಬೇಡ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯೇ ಇಲ್ಲ. ಅಣ್ಣನ ಬದಲು ತಂಗಿ ಅರ್ಜಿ ಹಾಕಿದರೆ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆದಾಟ ತಪ್ಪುತ್ತದೆ. ಕಾನೂನು ನೆರವಿಗೆ ಫೋನ್ ಮಾಡುವುದಾದರೆ 15100. ಹಿರಿಯರ ಸಹಾಯವಾಣಿ 14567. ಈಗಲೇ ಹೊಡೀತಿದ್ದಾರೆ ಅಂದರೆ 112.

ಈಗ ಪ್ರಶ್ನೆ ಕೇಳಿ. ಮನೆ ವಿಷಯ ಎಲ್ಲರ ಮುಂದೆ ಬೇಡ ಅನ್ನೋರು ಊಟ ಆದಮೇಲೆ ಬನ್ನಿ, ನಾನು ಸಂಜೆ ಬಸ್ಸಿನವರೆಗೂ ಇಲ್ಲೇ ಇರುತ್ತೇನೆ. ಕಾಗದ ಪತ್ರ ತಂದಿದ್ದರೆ ಜೊತೆಗೇ ತನ್ನಿ.