ಕ್ರೀಮಿನ ಕಾವಲು ನೀರಿನಲ್ಲಿರಲಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ ಕ್ರೀಮ್, ಲೋಷನ್ ಮಾಡುವವರಿಗೆ ಇವತ್ತು ಒಂದೇ ಮಾತು ಹೇಳುತ್ತೇನೆ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುವುದು ಕ್ರೀಮಿನ ನೀರಿನ ಭಾಗದಲ್ಲಿ. ಹಾಗಾಗಿ ಅವನ್ನು ತಡೆಯುವ ಪ್ರಿಸರ್ವೇಟಿವ್ ಕೂಡ ನೀರಿನಲ್ಲೇ ಇರಬೇಕು.

"ಅಳತೆ ಸರಿಯಾಗೇ ಹಾಕಿದ್ದೆ, ಆದರೂ ಕೆಟ್ಟುಹೋಯಿತು" ಎಂದು ತುಂಬಾ ಜನ ಹೇಳುತ್ತಾರೆ. ಹಾಕಿದ್ದು ಸರಿ. ಅದು ಹೋಗಿ ಸೇರಿದ್ದು ಎಲ್ಲಿಗೆ?

ನಾನು ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳು. ಒಂದು ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಬೇಕಿತ್ತು. ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ ಸ್ವಲ್ಪ ಕ್ರೀಮ್ ಹಾಕಿ ಬೆಚ್ಚಗಿಟ್ಟೆ. ಎರಡು ದಿನವಾದರೂ ದ್ರವದಲ್ಲಿ ಏನೂ ಬೆಳೆದಿರಲಿಲ್ಲ. ಏನೂ ಇಲ್ಲ ಎಂದು ಬರೆದುಬಿಟ್ಟೆ. ನಮ್ಮ ಹಿರಿಯ ಮೇಡಂ ನೋಡಿ, "ಪ್ರಿಸರ್ವೇಟಿವ್ ನ್ಯೂಟ್ರಲೈಸ್ ಮಾಡಿದೆಯಾ?" ಎಂದು ಕೇಳಿದರು. ಕ್ರೀಮಿನ ಜೊತೆ ಬಂದ ಪ್ರಿಸರ್ವೇಟಿವ್ ಆ ದ್ರವದಲ್ಲೂ ಬ್ಯಾಕ್ಟೀರಿಯಾವನ್ನು ತಡೆದಿರುತ್ತದೆ, ಅಲ್ವಾ? ಅದನ್ನು ಮೊದಲು ಕಟ್ಟಿಹಾಕಬೇಕು. ಅದಕ್ಕಾಗಿ ಅವರು ಕಪಾಟಿನಿಂದ ತೆಗೆದದ್ದು ಲೆಸಿಥಿನ್ ಮತ್ತು ಪಾಲಿಸಾರ್ಬೇಟ್ 80. ಎರಡೂ ಎಮಲ್ಸಿಫೈಯರ್! ಎಣ್ಣೆ, ನೀರು ಬೆರೆಸಲು ನೀವು ಬಳಸುವಂಥವೇ. ಅವನ್ನು ಸೇರಿಸಿ ಮತ್ತೆ ಇಟ್ಟೆವು. ಈ ಸಲ ಬ್ಯಾಕ್ಟೀರಿಯಾ ಬೆಳೆಯಿತು. ಬ್ಯಾಕ್ಟೀರಿಯಾ ಮೊದಲಿಂದಲೂ ಅಲ್ಲೇ ಇತ್ತು.

ನಾವು ಬೇಕೆಂದೇ ಮಾಡಿದ ಆ ಕೆಲಸ ನಿಮ್ಮ ಕ್ರೀಮಿನಲ್ಲಿ ತಾನಾಗೇ ನಡೆಯುತ್ತದೆ. ಎಮಲ್ಸಿಫೈಯರ್ ಕಣಕ್ಕೆ ನೀರಿಗೆ ಒಗ್ಗುವ ತಲೆ, ಎಣ್ಣೆಗೆ ಒಗ್ಗುವ ಬಾಲ. ಜಾಸ್ತಿ ಹಾಕಿದರೆ ಈ ಕಣಗಳು ಬಾಲ ಒಳಗೆ ಮಾಡಿಕೊಂಡು ಪುಟ್ಟ ಉಂಡೆ ಕಟ್ಟುತ್ತವೆ. ಪ್ಯಾರಾಬೆನ್ ಎಂಬ ಪ್ರಿಸರ್ವೇಟಿವ್‌ಗೆ ಎಣ್ಣೆಯ ಕಡೆಗೇ ಒಲವು. ಅದು ಈ ಉಂಡೆಗಳ ಒಳಗೆ ಸೇರಿಕೊಳ್ಳುತ್ತದೆ. ಮೀಥೈಲ್ ಪ್ಯಾರಾಬೆನ್‌ಗಿಂತ ಪ್ರೊಪೈಲ್ ಪ್ಯಾರಾಬೆನ್ ಜಾಸ್ತಿ. ಬಾಟಲಿಯಲ್ಲಿ ಅದು ಇದೆ, ನೀರಿನಲ್ಲಿ ಸಾಕಷ್ಟಿಲ್ಲ. ಬೂಷ್ಟಿಗೆ ಇನ್ನೇನು ಬೇಕು?

ಹಾಗಂತ ಪ್ರಿಸರ್ವೇಟಿವ್ ಸುಮ್ನೆ ಏರಿಸಬೇಡಿ, ಚರ್ಮ ಉರಿಯಬಹುದು. ಎಮಲ್ಸಿಫೈಯರ್ ಇಳಿಸಿ. ಕ್ರೀಮ್ ಒಡೆಯದಿರಲು ಎಷ್ಟು ಬೇಕೋ ಅಷ್ಟೇ ಹಾಕಿ. ಸೋಡಿಯಂ ಬೆಂಜೊಯೇಟ್ ಎಂಬ ಪ್ರಿಸರ್ವೇಟಿವ್ ಬಳಸುವವರು ಕ್ರೀಮಿನ ಪಿಎಚ್, ಅಂದರೆ ಹುಳಿಯ ಅಳತೆ, 5ಕ್ಕಿಂತ ಕೆಳಗಿಡಿ. ವಿಟಮಿನ್ ಇ ಎಣ್ಣೆ ಕಮಟಾಗದಂತೆ ನೋಡಿಕೊಳ್ಳುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ವಿಟಮಿನ್ ಇಯನ್ನೇ ಪ್ರಿಸರ್ವೇಟಿವ್ ಎಂದು ನಂಬುತ್ತಾರೆ, ದಯವಿಟ್ಟು ನಂಬಬೇಡಿ.

ಸಮಯ ಮುಗಿಯುತ್ತಿದೆ. ನೀರೇ ಹಾಕದ ಬಾಮ್ ಮಾಡಿದರೆ ಈ ತಾಪತ್ರಯವೇ ಇಲ್ಲ, ಒದ್ದೆ ಬೆರಳು ಮಾತ್ರ ಅದ್ದಬೇಡಿ. ನಮಸ್ಕಾರ.